ಖಾಲಿ ಚೆಕ್ಕಿಗೆ ಸಹಿ: ಕಾಫಿ ಡೇ ಪ್ರಕರಣದ ಅಧ್ಯಯನ

ಚಿಕ್ಕಮಗಳೂರಿನಲ್ಲಿ, ಕೆಫೆ ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ಅವರ ಬಗ್ಗೆ ಲೆಕ್ಕದ ಮಾತಾಡುವುದು ಕಷ್ಟ. ಇಲ್ಲಿಯವರಿಗೆ ಅವರು ಬರೀ ಒಂದು ಕಂಪನಿಯ ಅಧ್ಯಕ್ಷರಲ್ಲ. ಮಲೆನಾಡಿನ ಎಷ್ಟೋ ಹುಡುಗ ಹುಡುಗಿಯರಿಗೆ ಮೊದಲ ಕೆಲಸ ಕೊಟ್ಟವರು, ನಮ್ಮ ಕಾಫಿಗೆ ದೇಶದಲ್ಲಿ ಒಂದು ಹೆಸರು ತಂದವರು. 2019ರ ಜುಲೈ ಕೊನೆಯಲ್ಲಿ ಚೇತನಹಳ್ಳಿ ತೋಟದಲ್ಲಿ ಅವರ ಅಂತ್ಯಕ್ರಿಯೆ ನಡೆದಾಗ ಸೇರಿದ ಜನರೇ ಅದಕ್ಕೆ ಸಾಕ್ಷಿ. ಹಾಗಾಗಿ ಕಾಫಿ ಡೇಯ ಸಾವಿರಾರು ಕೋಟಿ ರೂಪಾಯಿ ಅವರ ಕುಟುಂಬದ ಕಂಪನಿಗೆ ಹೋದ ಈ ಪ್ರಕರಣದ ಮಾತು ಬಂದರೆ ಒಂದೋ ಕಣ್ಣೀರು, ಇಲ್ಲಾ ಸಿಟ್ಟು. ಒಳ್ಳೆಯ ಮನುಷ್ಯನನ್ನು ಸಾಲಗಾರರು ಹಿಂಡಿಬಿಟ್ಟರು ಅನ್ನುವವರಿದ್ದಾರೆ. ಎಲ್ಲ ಮೊದಲಿಂದಲೂ ಮೋಸ ಅನ್ನುವವರೂ ಇದ್ದಾರೆ. ಈ ಎರಡರ ನಡುವೆ, ಷೇರುಪೇಟೆಯಲ್ಲಿದ್ದ ಒಂದು ದೊಡ್ಡ ಕಂಪನಿಯೊಳಗೆ ನಿಜಕ್ಕೂ ಏನು ನಡೆಯಿತು ಅನ್ನುವುದನ್ನು ಕೂತು ನೋಡಿದವರು ಕಡಿಮೆ.

ನನಗೆ ಅದು ಮುಖ್ಯ ಅನ್ನಿಸುತ್ತದೆ. ಒಬ್ಬ ಮನುಷ್ಯನ ಗುಣ ಹೇಗಿತ್ತು ಅಂತ ತೀರ್ಪು ಕೊಡುವುದಕ್ಕಲ್ಲ. ನಮ್ಮ ಮಕ್ಕಳು ನಾಳೆ ಇಂಥದ್ದೇ ಕಂಪನಿಗಳಲ್ಲಿ ಅಕೌಂಟ್ಸ್ ವಿಭಾಗದಲ್ಲಿ ಕೂರುತ್ತಾರೆ. ಅವರ ಮುಂದೆ ಒಂದು ಚೆಕ್ ಪುಸ್ತಕ ಬರುತ್ತದೆ. ಆಗ ಅವರು ಏನು ಮಾಡಬೇಕು, ಅವರ ಬೆನ್ನಿಗೆ ಯಾರು ನಿಲ್ಲಬೇಕು ಅನ್ನುವ ಪ್ರಶ್ನೆಗೆ ಉತ್ತರ ಈ ಪ್ರಕರಣದಲ್ಲಿದೆ.

ತೋಟದಿಂದ ಷೇರುಪೇಟೆಗೆ

ಹಿನ್ನೆಲೆ ಬಹಳ ಜನರಿಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಸಿದ್ಧಾರ್ಥ ಕಾಫಿ ಬೆಳೆಗಾರರ ಮನೆತನದವರು. 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಸಡಿಲವಾಗುತ್ತಾ ಬಂತು, ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಬಹುದಾಯಿತು. ಆ ಹೊತ್ತಿಗೆ ಸರಿಯಾಗಿ, 1993ರಲ್ಲಿ, ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿ ಹುಟ್ಟಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕೆಫೆಗಳ ಜೊತೆಗೆ ಟೆಕ್ ಪಾರ್ಕ್, ಸಾಗಣೆ, ಹೋಟೆಲ್, ಹಣಕಾಸು ಸೇವೆ ಎಲ್ಲವೂ ಸೇರಿದವು. ಐಟಿ ಕಂಪನಿ ಮೈಂಡ್‌ಟ್ರೀಯಲ್ಲಿ ದೊಡ್ಡ ಪಾಲು ಬಂತು. 2015ರಲ್ಲಿ ಗುಂಪಿನ ಮಾತೃ ಕಂಪನಿಯಾದ ಕಾಫಿ ಡೇ ಎಂಟರ್‌ಪ್ರೈಸಸ್ ಸಾರ್ವಜನಿಕರಿಗೆ ಷೇರು ಮಾರಿತು. ಒಂದು ಷೇರಿಗೆ 328 ರೂಪಾಯಿಯಂತೆ 1,150 ಕೋಟಿ ರೂಪಾಯಿ ಎತ್ತಿತು.

ಆ ದಿನದಿಂದ ಕಂಪನಿ ಒಂದು ಕುಟುಂಬದ್ದಾಗಿ ಉಳಿಯಲಿಲ್ಲ. ಪ್ರವರ್ತಕರ, ಅಂದರೆ ಕಂಪನಿ ಕಟ್ಟಿದವರ, ಕೈಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಷೇರು ಇದ್ದವು. ಉಳಿದದ್ದು ಬೇರೆಯವರದ್ದು. ದೊಡ್ಡ ಹೂಡಿಕೆ ಸಂಸ್ಥೆಗಳಿದ್ದವು, ಜೊತೆಗೆ ಸಣ್ಣ ಉಳಿತಾಯ ಹಾಕಿದ ಸಾಮಾನ್ಯ ಜನರೂ ಇದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಲೆನಾಡಿನ ತೋಟದ ಮನೆಗಳಲ್ಲಿ ಹಣಕ್ಕೆ ಬೇರೆ ಬೇರೆ ಡಬ್ಬಿ ಇರುವುದಿಲ್ಲ. ಕಾಫಿಯಲ್ಲಿ ಬಂದದ್ದು ಅಡಿಕೆ ತೋಟಕ್ಕೆ ಹೋಗುತ್ತದೆ, ಮೆಣಸು ಮಾರಿದ ಹಣದಲ್ಲಿ ಮಗಳ ಫೀಸು ಕಟ್ಟುತ್ತಾರೆ, ತಮ್ಮನ ತೋಟಕ್ಕೆ ಗೊಬ್ಬರ ಬೇಕಾದರೆ ಅಣ್ಣ ಕೊಡುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ತೋಟ ಅವರದ್ದು, ಹಣ ಅವರದ್ದು, ನಷ್ಟವಾದರೆ ಅವರದ್ದೇ. ಈ ಅಭ್ಯಾಸ ಷೇರುಪೇಟೆಯ ಕಂಪನಿಗೂ ಹಾಗೇ ನಡೆದು ಬಂದಾಗ ಮಾತ್ರ ಅದು ಬೇರೆಯವರ ಹಣ ಮುಟ್ಟಿದ ಹಾಗಾಗುತ್ತದೆ. ಮಾಲೀಕನ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇಲ್ಲದಿದ್ದರೂ ಅಷ್ಟೇ. 'ಆಮೇಲೆ ಹಾಕಿದರಾಯ್ತು' ಅನ್ನುವ ಮಾತು ತೋಟದ ಮನೆಯಲ್ಲಿ ಹೊಂದಾಣಿಕೆ, ಸಾರ್ವಜನಿಕ ಕಂಪನಿಯಲ್ಲಿ ಕಾನೂನಿನ ಉಲ್ಲಂಘನೆ.

ಹಣ ಹೋದ ದಾರಿ

2019ರ ಮಾರ್ಚ್‌ನಲ್ಲಿ ಮೈಂಡ್‌ಟ್ರೀಯ ಪಾಲನ್ನು ಎಲ್ ಆಂಡ್ ಟಿ ಕಂಪನಿಗೆ ಸುಮಾರು 3,269 ಕೋಟಿ ರೂಪಾಯಿಗೆ ಮಾರುವ ಒಪ್ಪಂದವಾಯಿತು. ಹೊರಗಿನಿಂದ ನೋಡಿದವರಿಗೆ ಸಾಲದ ಹೊರೆ ಇಳಿಯುತ್ತಿದೆ ಅನ್ನಿಸಿತು. ನಾಲ್ಕೇ ತಿಂಗಳಲ್ಲಿ ಸಿದ್ಧಾರ್ಥ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಪತ್ರ ಸಿಕ್ಕಿತು. ಎಲ್ಲ ವ್ಯವಹಾರಕ್ಕೂ ತಾನೊಬ್ಬನೇ ಹೊಣೆ, ತನ್ನ ತಂಡಕ್ಕೆ, ಲೆಕ್ಕ ಪರಿಶೋಧಕರಿಗೆ, ಹಿರಿಯ ಅಧಿಕಾರಿಗಳಿಗೆ ಈ ವ್ಯವಹಾರಗಳು ಗೊತ್ತಿರಲಿಲ್ಲ ಎಂದು ಅದರಲ್ಲಿತ್ತು.

ಆಡಳಿತ ಮಂಡಳಿ ಆಗ ಒಂದು ಸರಿಯಾದ ಕೆಲಸ ಮಾಡಿತು. ಸ್ವತಂತ್ರ ನಿರ್ದೇಶಕರಾಗಿದ್ದ (ಅಂದರೆ ಪ್ರವರ್ತಕರ ಕಡೆಯವರಲ್ಲದ ನಿರ್ದೇಶಕ), ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿ ನಿವೃತ್ತರಾದ ಎಸ್.ವಿ. ರಂಗನಾಥ್ ಅವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಮಾಡಿತು. ಸಿಬಿಐನ ನಿವೃತ್ತ ಡಿಐಜಿ ಅಶೋಕ್ ಕುಮಾರ್ ಮಲ್ಹೋತ್ರಾ ಅವರಿಗೆ ತನಿಖೆ ಒಪ್ಪಿಸಿತು. 2020ರ ಜುಲೈನಲ್ಲಿ ವರದಿ ಬಂತು. ಕಂಪನಿ ಅದರ ಮುಖ್ಯ ಅಂಶಗಳನ್ನು ಷೇರುಪೇಟೆಗೆ ತಿಳಿಸಿತು. ಮುಚ್ಚಿಡುವ ದಾರಿ ಹಿಡಿಯಲಿಲ್ಲ ಅನ್ನುವುದನ್ನು ಇಲ್ಲಿ ಗುರುತಿಸಲೇಬೇಕು.

ವರದಿಯಲ್ಲಿದ್ದ ಮುಖ್ಯ ಅಂಕಿ ಇದು. ಕಾಫಿ ಡೇ ಎಂಟರ್‌ಪ್ರೈಸಸ್‌ನ ಅಂಗಸಂಸ್ಥೆಗಳಿಗೆ, ಅಂದರೆ ಅದರ ಕೆಳಗಿನ ಕಂಪನಿಗಳಿಗೆ, ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಅನ್ನುವ ಕಂಪನಿಯಿಂದ 3,535 ಕೋಟಿ ರೂಪಾಯಿ ಬರಬೇಕಿತ್ತು. ಇದು 2019ರ ಜುಲೈ 31ರ ಲೆಕ್ಕ. ಈ ಎಸ್ಟೇಟ್ಸ್ ಕಂಪನಿ ಸಿದ್ಧಾರ್ಥ ಅವರ ಕುಟುಂಬಕ್ಕೆ ಸೇರಿದ್ದು, ಷೇರುಪೇಟೆಯ ಕಂಪನಿಯ ಭಾಗವಲ್ಲ. ಅದೇ ವರ್ಷದ ಮಾರ್ಚ್ 31ರ ಲೆಕ್ಕದಲ್ಲಿ ಬರಬೇಕಾದ ಹಣ 842 ಕೋಟಿ ಎಂದಿತ್ತು. ಎರಡು ದಿನಾಂಕಗಳ ನಡುವೆ ನಾಲ್ಕು ತಿಂಗಳು, 2,693 ಕೋಟಿ ವ್ಯತ್ಯಾಸ.

ಹಣ ಎಲ್ಲಿಗೆ ಹೋಯಿತು? ಖಾಸಗಿ ಹೂಡಿಕೆದಾರರ ಷೇರು ಮರಳಿ ಕೊಳ್ಳುವುದಕ್ಕೆ, ಸಾಲ ತೀರಿಸುವುದಕ್ಕೆ, ಬಡ್ಡಿ ಕಟ್ಟುವುದಕ್ಕೆ ಬಳಕೆಯಾಗಿರಬಹುದು ಎಂದು ವರದಿ ಹೇಳಿತು. ಅಂದರೆ ಐಷಾರಾಮಕ್ಕೆ ಸುರಿದರು ಅನ್ನುವ ಚಿತ್ರ ಇಲ್ಲಿಲ್ಲ. ಒಂದು ಸಾಲದ ಬಾಯಿ ಮುಚ್ಚಲು ಇನ್ನೊಂದು ಕಡೆಯಿಂದ ಎಳೆಯುವ ಕೆಲಸ ಇದು. ಪ್ರವರ್ತಕರ ಷೇರುಗಳಲ್ಲಿ ಬಹುಪಾಲು ಸಾಲಕ್ಕೆ ಅಡಮಾನವಾಗಿ ಹೋಗಿದ್ದವು. ಆದಾಯ ತೆರಿಗೆ ಇಲಾಖೆ ಮೈಂಡ್‌ಟ್ರೀ ಷೇರುಗಳನ್ನು ಜಪ್ತಿ ಮಾಡಿದ್ದರಿಂದ ಕೈಯಲ್ಲಿ ಹಣದ ಕೊರತೆ ಬಿಗಿಯಾಗಿತ್ತು ಎಂಬುದನ್ನೂ ವರದಿ ದಾಖಲಿಸಿದೆ. ಒತ್ತಡ ನಿಜ. ಆದರೆ ಒತ್ತಡ ಬಂದಾಗ ಕಂಪನಿಯ ಹಣ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ, ಆ ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಅನ್ನುವುದೇ ವ್ಯವಹಾರ ನೀತಿಯ ಪ್ರಶ್ನೆ. ಹಣ ಧಾರಾಳವಾಗಿದ್ದಾಗ ಯಾವ ನಿಯಮಕ್ಕೂ ಪರೀಕ್ಷೆ ಇರುವುದಿಲ್ಲ.

ಮಾರುಕಟ್ಟೆ ನಿಯಂತ್ರಕ ಸೆಬಿ 2023ರ ಜನವರಿಯಲ್ಲಿ ಆದೇಶ ಹೊರಡಿಸಿತು. ಏಳು ಅಂಗಸಂಸ್ಥೆಗಳಿಂದ ಹಣ ಎಸ್ಟೇಟ್ಸ್ ಕಂಪನಿಗೆ ಹೋದದ್ದನ್ನು ಎತ್ತಿ ಹೇಳಿ, ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ರೂಪಾಯಿ ದಂಡ ಹಾಕಿತು. ಆ ಏಳರಲ್ಲಿ ಕೆಫೆಗಳನ್ನು ನಡೆಸುವ ಕಾಫಿ ಡೇ ಗ್ಲೋಬಲ್ ಇದೆ, ಟೆಕ್ ಪಾರ್ಕಿನ ಟ್ಯಾಂಗ್ಲಿನ್ ಇದೆ, ಹೋಟೆಲ್ ಕಂಪನಿ ಇದೆ. ಈ ಆದೇಶದ ವಿರುದ್ಧ ಕಂಪನಿ ಮೇಲ್ಮನವಿ ಹೋಗಿದೆ, ಅದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಈ ಪ್ರಕರಣದಲ್ಲಿ ಬೆಳಕಿಗೆ ಬಂದ ವಿವರಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಕೋಟಿಗಳ ಲೆಕ್ಕವಲ್ಲ, ಮೊದಲೇ ಸಹಿ ಹಾಕಿಟ್ಟ ಖಾಲಿ ಚೆಕ್ಕುಗಳ ಸಂಗತಿ. ಸಹಿ ಮಾಡುವ ಅಧಿಕಾರ ಇದ್ದವರು ಮೊತ್ತ, ಹೆಸರು ಯಾವುದೂ ಇಲ್ಲದ ಚೆಕ್ಕುಗಳಿಗೆ ಸಹಿ ಹಾಕಿಕೊಡುವುದು ರೂಢಿಯಾಗಿತ್ತು.

ಸಹಿ ಅಂದರೆ ಏನು

ನಮ್ಮ ತೋಟಗಳಲ್ಲಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವ ಪದ್ಧತಿ ನೋಡಿ. ಬೆಳಿಗ್ಗೆ ಮೇಸ್ತ್ರಿ ಆಳು ಎಣಿಸುತ್ತಾನೆ. ರೈಟರ್ ಅದನ್ನು ಪುಸ್ತಕಕ್ಕೆ ಇಳಿಸುತ್ತಾನೆ. ಬಟವಾಡೆಯ ದಿನ ಎಲ್ಲರ ಎದುರು ಹೆಸರು ಕೂಗಿ ಹಣ ಕೊಡುತ್ತಾರೆ. ಎಣಿಸಿದವನೇ ಬರೆದು, ಬರೆದವನೇ ಹಣ ಕೊಟ್ಟರೆ ಇಲ್ಲದ ಆಳಿನ ಹೆಸರಿಗೂ ಕೂಲಿ ಹೋಗುತ್ತದೆ ಎಂದು ಯಾವ ಬೆಳೆಗಾರನಿಗೂ ಹೇಳಿಕೊಡಬೇಕಿಲ್ಲ. ರೈಟರ್ ಮೇಲೆ ಅನುಮಾನ ಇದೆ ಅಂತ ಹೀಗೆ ಮಾಡುವುದಲ್ಲ. ರೈಟರ್ ಎಷ್ಟೇ ಒಳ್ಳೆಯವನಾದರೂ ಪದ್ಧತಿ ಇದೇ.

ದೊಡ್ಡ ಕಂಪನಿಯಲ್ಲಿ ಒಂದು ಪಾವತಿಗೆ ಇಬ್ಬರ ಸಹಿ ಕೇಳುವುದರ ಹಿಂದೆ ಇರುವುದೂ ಇದೇ ತಿಳಿವಳಿಕೆ. ಎರಡನೆಯ ಸಹಿ ಇರುವುದು ಮೊದಲನೆಯವರನ್ನು ಪ್ರಶ್ನೆ ಕೇಳುವುದಕ್ಕೆ. ಯಾರಿಗೆ ಹೋಗುತ್ತಿದೆ? ಯಾಕೆ? ಮಂಡಳಿಯ ಒಪ್ಪಿಗೆ ಎಲ್ಲಿದೆ? ಮರಳಿ ಬರುವುದು ಯಾವಾಗ? ಖಾಲಿ ಚೆಕ್ಕಿಗೆ ಸಹಿ ಹಾಕಿದ ಕ್ಷಣ ಈ ನಾಲ್ಕೂ ಪ್ರಶ್ನೆಗಳು ಸತ್ತವು. ಆಮೇಲೆ ಕಂಪನಿಯಲ್ಲಿ ಎಷ್ಟು ಸಮಿತಿಗಳಿದ್ದರೂ ಹಣ ಅವುಗಳ ಮುಂದೆ ಹಾದು ಹೋಗುವುದೇ ಇಲ್ಲ.

ಹಾಗಾದರೆ ಸಹಿ ಹಾಕಿದವರು ಕೆಟ್ಟವರೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಯಾರೋ ಒಬ್ಬರು ನಿಮಗೆ ಕೆಲಸ ಕೊಟ್ಟಿದ್ದಾರೆ, ನಿಮ್ಮ ಮನೆಯ ಕಷ್ಟ ವಿಚಾರಿಸಿದ್ದಾರೆ, ಊರಲ್ಲಿ ದೊಡ್ಡ ಹೆಸರಿದೆ. ಅವರು 'ಸಹಿ ಹಾಕಿಡಪ್ಪ' ಅಂದಾಗ 'ಯಾಕೆ ಸಾರ್' ಅನ್ನುವುದು ಸುಲಭವಲ್ಲ. ಕೃತಜ್ಞತೆ ಇರುವ ಕಡೆ ಪ್ರಶ್ನೆ ಕೇಳುವುದು ದ್ರೋಹದ ಹಾಗೆ ಕಾಣುತ್ತದೆ. ಈ ಭಾವನೆ ನಮ್ಮ ಕಡೆ ಬಹಳ ಗಟ್ಟಿ. ಸಾಹುಕಾರರ ಮಾತಿಗೆ ಎದುರಾಡಬಾರದು ಅಂತ ಬೆಳೆದವರು ನಾವು. ಅದಕ್ಕೇ ಕಾನೂನು ಈ ಭಾರವನ್ನು ಒಬ್ಬ ಗುಮಾಸ್ತನ ಧೈರ್ಯದ ಮೇಲೆ ಹಾಕಿ ಬಿಟ್ಟಿಲ್ಲ. ಅವನಿಗೆ ಆಸರೆಯಾಗಿ ಹಲವು ಏರ್ಪಾಡು ಮಾಡಿದೆ. ಈ ಪ್ರಕರಣದ ನಿಜವಾದ ವೈಫಲ್ಯ ಅಲ್ಲಿದೆ ಎಂದು ನಾನು ನಂಬುತ್ತೇನೆ.

ಕಾಗದದ ಮೇಲಿದ್ದ ಕಾವಲು

2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಷೇರುಪೇಟೆಯ ಪ್ರತಿ ಕಂಪನಿಗೂ ಲೆಕ್ಕ ಪರಿಶೋಧನಾ ಸಮಿತಿ ಇರಬೇಕು ಅನ್ನುತ್ತದೆ. ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರೇ ಹೆಚ್ಚಿರಬೇಕು. ಸಂಬಂಧಿತರೊಡನೆ, ಅಂದರೆ ಪ್ರವರ್ತಕರು, ಅವರ ಬೇರೆ ಕಂಪನಿಗಳಂಥವರೊಡನೆ, ನಡೆಯುವ ವ್ಯವಹಾರ ಮೊದಲು ಈ ಸಮಿತಿಯ ಮುಂದೆ ಬರಬೇಕು. ಇದೇ ಸೆಕ್ಷನ್ನಿನಲ್ಲಿ ದೂರು ವ್ಯವಸ್ಥೆಯೂ ಇದೆ. ನೌಕರನೊಬ್ಬನಿಗೆ ತಪ್ಪು ಕಂಡರೆ ಹೇಳಲು ಒಂದು ದಾರಿ ಇರಬೇಕು, ಹೇಳಿದವನಿಗೆ ಕಿರುಕುಳ ಆಗಬಾರದು, ಅಗತ್ಯ ಬಿದ್ದರೆ ಅವನು ನೇರವಾಗಿ ಸಮಿತಿಯ ಅಧ್ಯಕ್ಷರ ಬಳಿಯೇ ಹೋಗುವಂತಿರಬೇಕು. 188ನೇ ಸೆಕ್ಷನ್ ಸಂಬಂಧಿತರ ಜೊತೆಗಿನ ಒಪ್ಪಂದಗಳಿಗೆ ಕಟ್ಟು ಹಾಕುತ್ತದೆ, 186 ಕಂಪನಿ ಕೊಡುವ ಸಾಲಗಳಿಗೆ. ಲೆಕ್ಕ ಪರಿಶೋಧಕರಿಗೆ ವಂಚನೆಯ ಸುಳಿವು ಸಿಕ್ಕರೆ ಮೇಲೆ ತಿಳಿಸಲೇಬೇಕು ಎಂದು 143ನೇ ಸೆಕ್ಷನ್ ಹೇಳುತ್ತದೆ. ಮೊತ್ತ ಒಂದು ಕೋಟಿ ಅಥವಾ ಜಾಸ್ತಿಯಾದರೆ ವಿಷಯ ಕೇಂದ್ರ ಸರ್ಕಾರಕ್ಕೆ ಹೋಗಬೇಕು. ವಂಚನೆ ಸಾಬೀತಾದರೆ 447ನೇ ಸೆಕ್ಷನ್ನಿನಡಿ ಹತ್ತು ವರ್ಷದವರೆಗೂ ಜೈಲು. ಇವೆಲ್ಲ 2019ಕ್ಕೆ ಮೊದಲೇ ಇದ್ದ ಕಾನೂನುಗಳು.

ಇಷ್ಟಿದ್ದೂ 3,535 ಕೋಟಿ ಹೇಗೆ ಹೋಯಿತು?

ನನಗೆ ಕಾಣುವ ಮೊದಲ ಸಂದು ಮಾತೃ ಕಂಪನಿ ಮತ್ತು ಅಂಗಸಂಸ್ಥೆಗಳ ನಡುವಿನದ್ದು. ಷೇರುಪೇಟೆಯಲ್ಲಿ ಇದ್ದದ್ದು ಕಾಫಿ ಡೇ ಎಂಟರ್‌ಪ್ರೈಸಸ್. ಸ್ವತಂತ್ರ ನಿರ್ದೇಶಕರು, ಸಮಿತಿ, ಬಹಿರಂಗ ವರದಿ ಎಲ್ಲವೂ ಮುಖ್ಯವಾಗಿ ಆ ಮಟ್ಟದಲ್ಲಿ. ದುಡ್ಡು ಓಡಾಡುತ್ತಿದ್ದದ್ದು ಅದರ ಕೆಳಗಿನ ಕಂಪನಿಗಳಲ್ಲಿ. ಅಂಗಸಂಸ್ಥೆಯೊಂದು ಪ್ರವರ್ತಕರ ಸ್ವಂತ ಕಂಪನಿಗೆ ಹಣ ಕೊಟ್ಟರೆ ಮಾತೃ ಕಂಪನಿಯ ಸಮಿತಿಯ ಮುಂದೆ ಬರಬೇಕು ಅನ್ನುವ ನಿಯಮ ಆಗ ಇವತ್ತಿನಷ್ಟು ಬಿಗಿಯಾಗಿರಲಿಲ್ಲ. ಸೆಬಿ 2021ರ ನವೆಂಬರ್‌ನಲ್ಲಿ ತನ್ನ ನಿಯಮ ತಿದ್ದಿತು. 2022ರ ಏಪ್ರಿಲ್ 1ರಿಂದ, ಮಾತೃ ಕಂಪನಿ ನೇರ ಪಾಲುದಾರ ಅಲ್ಲದಿದ್ದರೂ ಅಂಗಸಂಸ್ಥೆಯ ದೊಡ್ಡ ವ್ಯವಹಾರಕ್ಕೆ ಮಾತೃ ಕಂಪನಿಯ ಸಮಿತಿಯ ಮುಂಚಿನ ಒಪ್ಪಿಗೆ ಬೇಕು. ಆಗಿನ ಮಿತಿಯಂತೆ, 1,000 ಕೋಟಿ ಅಥವಾ ಒಟ್ಟು ವಹಿವಾಟಿನ ಶೇ 10, ಇವೆರಡರಲ್ಲಿ ಕಡಿಮೆ ಇರುವುದನ್ನು ಮೀರಿದರೆ ಷೇರುದಾರರ ಮತವೂ ಬೇಕು ಎಂದಾಯಿತು. ಆ ಮತದಲ್ಲಿ ಸಂಬಂಧಿತರು ಹೌದು ಎಂದು ಕೈ ಎತ್ತುವಂತಿಲ್ಲ. ದೊಡ್ಡ ಗುಂಪು ನಡೆಸುವ ಯಾರೇ ಆಗಲಿ ಈ ತಿದ್ದುಪಡಿಯನ್ನು ಓದಲೇಬೇಕು.

ಎರಡನೆಯ ಸಂದು ವರ್ಷಾಂತ್ಯದ ಲೆಕ್ಕ. ಬ್ಯಾಲೆನ್ಸ್ ಶೀಟ್ ಅನ್ನುವುದು ಮಾರ್ಚ್ 31ರ ಒಂದು ದಿನದ ಸ್ಥಿತಿ. ಆ ದಿನಕ್ಕೆ ಬಾಕಿ ಕಡಿಮೆ ಕಂಡರೆ ವರ್ಷವಿಡೀ ಕಡಿಮೆ ಇತ್ತು ಎಂದು ಅರ್ಥವಲ್ಲ. ಲೆಕ್ಕ ಪರಿಶೋಧಕರನ್ನು ನೋಡಿಕೊಳ್ಳುವ ರಾಷ್ಟ್ರೀಯ ಪ್ರಾಧಿಕಾರ ಎನ್‌ಎಫ್‌ಆರ್‌ಎ ಈ ಗುಂಪಿನ ಕಂಪನಿಗಳ ಆಡಿಟ್ ಕಡತಗಳನ್ನು ತೆರೆಸಿ ನೋಡಿತು. ಗುಂಪಿನ ಕಂಪನಿಗಳ ನಡುವೆ ಹಣ ಸುತ್ತಿಸಿ ಹಳೆ ಸಾಲಕ್ಕೆ ಹೊಸ ಜೀವ ಕೊಡುವ ಕೆಲಸ ನಡೆದಿತ್ತು, ಪರಿಶೋಧಕರು ಅದನ್ನು ಹಿಡಿಯಬೇಕಿತ್ತು ಎಂದು ಹೇಳಿ ದಂಡ ಹಾಕಿತು, ಕೆಲವರಿಗೆ ವರ್ಷಗಟ್ಟಲೆ ವೃತ್ತಿ ಮಾಡದಂತೆ ನಿಷೇಧ ಹೇರಿತು. ಸುಮ್ನೆ ಯೋಚಿಸಿ. ಬ್ಯಾಂಕ್ ಪಾಸ್‌ಬುಕ್ಕಿನ ಕೊನೆಯ ಸಾಲು ಮಾತ್ರ ನೋಡಿ ಒಂದು ವರ್ಷದ ವ್ಯವಹಾರ ಸರಿ ಇದೆ ಅನ್ನಲು ಆಗುತ್ತದಾ?

ಮೂರನೆಯದು, ಎಲ್ಲಕ್ಕಿಂತ ಆಳವಾದದ್ದು. ದೂರು ಹೇಳುವ ದಾರಿ ಕಾಗದದಲ್ಲಿ ಇರುವುದಕ್ಕೂ ಅದರಲ್ಲಿ ಯಾರಾದರೂ ನಡೆಯುವುದಕ್ಕೂ ಬಹಳ ದೂರ ಇದೆ. ಸಾಮಾನ್ಯವಾಗಿ ಕಂಪನಿಗಳ ದೂರು ನೀತಿ ಇಂಗ್ಲಿಷ್‌ನಲ್ಲಿ ಇರುತ್ತದೆ, ವೆಬ್‌ಸೈಟಿನ ಒಂದು ಮೂಲೆಯಲ್ಲಿ ಪಿಡಿಎಫ್ ಆಗಿ ಕೂತಿರುತ್ತದೆ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂಟೆ ಲೆಕ್ಕ ಬರೆಯುವವರಿಗೆ, ಹಾಸನದ ಜವಳಿ ಘಟಕದಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ ಅದು ಇದೆ ಎಂಬುದೇ ತಿಳಿಯುವುದಿಲ್ಲ. ತಿಳಿದರೂ, ದೂರು ಹೋಗುವುದು ಯಾರ ಕೈಗೆ? ಮಾಲೀಕರೇ ನೇಮಿಸಿದ ಅಧಿಕಾರಿಯ ಕೈಗೆ ಎಂದು ಜನ ಲೆಕ್ಕ ಹಾಕುತ್ತಾರೆ. ತಪ್ಪು ಮೇಲಿನಿಂದಲೇ ಬಂದಾಗ ದೂರು ಮೇಲಕ್ಕೆ ಹೋಗಿ ಏನು ಪ್ರಯೋಜನ ಅಲ್ವಾ? ಈ ಅನುಮಾನಕ್ಕೆ ಉತ್ತರವಾಗಿಯೇ ಕಾಯ್ದೆ ಸಮಿತಿಯ ಅಧ್ಯಕ್ಷರಿಗೆ ನೇರ ದಾರಿ ಇಟ್ಟಿದೆ. ಆ ಒಂದು ಸಾಲನ್ನು ನೌಕರರಿಗೆ ಅರ್ಥವಾಗುವ ಮಾತಲ್ಲಿ ತಲುಪಿಸುವುದು ಯಾರ ಕೆಲಸ ಎಂದು ಯಾವ ಕಂಪನಿಯೂ ಗಟ್ಟಿಯಾಗಿ ಕೇಳಿಕೊಳ್ಳುವುದಿಲ್ಲ.

ಪತ್ರದಲ್ಲಿದ್ದ ಮಾತನ್ನು ಮತ್ತೆ ನೋಡೋಣ. ತಂಡಕ್ಕೆ ಗೊತ್ತಿರಲಿಲ್ಲ ಎಂದು ಬರೆದದ್ದು ಬೇರೆಯವರನ್ನು ಕಾಪಾಡುವ ಒಳ್ಳೆಯ ಮನಸ್ಸಿನಿಂದ ಇರಬಹುದು. ಅದನ್ನು ಅಕ್ಷರಶಃ ಒಪ್ಪಿಕೊಂಡರೂ ಕಂಪನಿಗೆ ಸಮಾಧಾನ ಸಿಗುವುದಿಲ್ಲ. ಸಾವಿರಾರು ಕೋಟಿ ಹೊರಗೆ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ ಎಂದರೆ, ಗೊತ್ತಾಗಬೇಕಾದ ವ್ಯವಸ್ಥೆ ಇರಲಿಲ್ಲ ಎಂದೇ ಅರ್ಥ. ಗೊತ್ತಿತ್ತು ಎಂದರೆ ಹೇಳುವ ವ್ಯವಸ್ಥೆ ಇರಲಿಲ್ಲ. ನಿರ್ದೇಶಕರಾದವರಿಗೆ ಈ ಎರಡರಲ್ಲಿ ಯಾವುದೂ ಹಗುರವಲ್ಲ. ಹಣಕಾಸು ನಿಯಂತ್ರಣಗಳು ಸರಿಯಾಗಿವೆ ಮತ್ತು ಕೆಲಸ ಮಾಡುತ್ತಿವೆ ಎಂದು ಷೇರುಪೇಟೆಯ ಕಂಪನಿಯ ನಿರ್ದೇಶಕರು ಪ್ರತಿ ವರ್ಷ 134ನೇ ಸೆಕ್ಷನ್ನಿನಡಿ ಸಹಿ ಮಾಡಿ ಹೇಳುತ್ತಾರೆ. ಆ ಸಹಿಗೂ ಬೆಲೆ ಇದೆ.

ಆಮೇಲಿನ ವರ್ಷಗಳು

ಕಂಪನಿ ಮುಳುಗಿ ಹೋಗಲಿಲ್ಲ. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕನ್ನು ಬ್ಲಾಕ್‌ಸ್ಟೋನ್ ಮತ್ತು ಸಲಾರ್‌ಪುರಿಯಾ ಸತ್ವಕ್ಕೆ ಮಾರಿ, 2020ರ ಮಾರ್ಚ್‌ನಲ್ಲಿ 13 ಸಾಲದಾತರಿಗೆ 1,644 ಕೋಟಿ ಮರಳಿಸುವುದಾಗಿ ಪ್ರಕಟಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆದರು. ಏಳು ಸಾವಿರ ಕೋಟಿ ದಾಟಿದ್ದ ಗುಂಪಿನ ಸಾಲ ಕೆಲವೇ ವರ್ಷಗಳಲ್ಲಿ ಎರಡು ಸಾವಿರ ಕೋಟಿಗಿಂತ ಕೆಳಗೆ ಬಂತು. ಲಾಭವಿಲ್ಲದ ಕೆಫೆಗಳು ಮುಚ್ಚಿದವು. ಇದನ್ನು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ.

ಆದರೆ ಬೆಲೆ ಕೊಟ್ಟವರು ಯಾರು ಎಂಬುದನ್ನೂ ನೋಡಬೇಕು. ಫಲಿತಾಂಶ ಸಲ್ಲಿಸಲು ತಡವಾಗಿ 2020ರ ಫೆಬ್ರವರಿಯಿಂದ ಒಂದು ವರ್ಷಕ್ಕೂ ಮೀರಿ ಷೇರಿನ ವಹಿವಾಟೇ ನಿಂತಿತ್ತು. 328 ರೂಪಾಯಿ ಕೊಟ್ಟು ಷೇರು ತಗೊಂಡವರಿಗೆ ಮಾರಿ ಹೊರಬರುವ ದಾರಿಯೂ ಮುಚ್ಚಿತ್ತು. ಮುಚ್ಚಿದ ಕೆಫೆಗಳಲ್ಲಿ ಕೆಲಸ ಮಾಡುತ್ತಿದ್ದವರು ನಮ್ಮ ಕಡೆಯ ಹಳ್ಳಿಗಳಿಂದ ಹೋದವರೂ ಹೌದು. 2023ರಲ್ಲಿ ಕಾಫಿ ಡೇ ಗ್ಲೋಬಲ್ ಮೇಲೆ, 2024ರ ಆಗಸ್ಟ್‌ನಲ್ಲಿ ಮಾತೃ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆಗೆ ಆದೇಶವಾಯಿತು. ಮಾತೃ ಕಂಪನಿಯ ವಿರುದ್ಧದ ಆದೇಶವನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಒಂದು ಕಾಲದ ಪಾವತಿಗಳ ನೆರಳು ಇಷ್ಟು ವರ್ಷ ಹಿಂಬಾಲಿಸಿತು.

ದಂಡದ ಬಗ್ಗೆ ನನಗೊಂದು ತಕರಾರಿದೆ. ಹಣ ಕಳಕೊಂಡದ್ದು ಕಂಪನಿ ಗುಂಪು. ಅದೇ ಕಂಪನಿಗೆ 26 ಕೋಟಿ ದಂಡ ಬಿದ್ದರೆ ಅದನ್ನು ಭರಿಸುವುದು ಆಗಲೇ ಪೆಟ್ಟು ತಿಂದ ಷೇರುದಾರರೇ. ನಿಯಂತ್ರಕರಿಗೆ ಬೇರೆ ದಾರಿ ಕಡಿಮೆ ಇತ್ತು ಎಂಬುದು ಒಪ್ಪುವ ಮಾತು. ಕಂಪನಿಯೂ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ, ಅದರ ಹೆಸರಿನಲ್ಲೇ ಹೂಡಿಕೆದಾರರಿಗೆ ತಪ್ಪು ಚಿತ್ರ ಹೋಗಿದೆ. ಆದರೂ ಆದೇಶದಲ್ಲಿ ದಂಡಕ್ಕಿಂತ ಮುಖ್ಯವಾದ ಭಾಗ ಇನ್ನೊಂದಿದೆ ಅನ್ನಿಸುತ್ತದೆ. ಬಾಕಿ ವಸೂಲಿಗೆ ಷೇರುಪೇಟೆಯ ಸಲಹೆ ಪಡೆದು ಒಂದು ಸ್ವತಂತ್ರ ಕಾನೂನು ಸಂಸ್ಥೆಯನ್ನು ನೇಮಿಸಬೇಕು ಎಂದು ಸೆಬಿ ಹೇಳಿತು. ಯಾಕೆಂದರೆ 2022ರ ಸೆಪ್ಟೆಂಬರ್ 30ರ ತನಕ 3,535 ಕೋಟಿಯಲ್ಲಿ ವಸೂಲಾಗಿದ್ದು 110.75 ಕೋಟಿ ಮಾತ್ರ. ಕೊಡಬೇಕಾದದ್ದು ಪ್ರವರ್ತಕರ ಕುಟುಂಬದ ಕಂಪನಿ, ಕೇಳಬೇಕಾದದ್ದು ಅದೇ ಕುಟುಂಬ ಮುನ್ನಡೆಸುವ ಕಂಪನಿ. ಇಂಥ ಕಡೆ ಕೇಳುವವರು ಹೊರಗಿನವರೇ ಆಗಬೇಕು. ಯಾರ ಪ್ರಾಮಾಣಿಕತೆಯನ್ನೂ ಅನುಮಾನಿಸದೆ ಈ ಮಾತು ಹೇಳಬಹುದು.

ನಾಳೆ ಬೆಳಿಗ್ಗೆ ಮಾಡಬಹುದಾದದ್ದು

ಇಷ್ಟೆಲ್ಲ ಓದಿದ ಮೇಲೆ, ಒಂದು ದೊಡ್ಡ ಕಂಪನಿಯಲ್ಲಿ ಜವಾಬ್ದಾರಿಯ ಜಾಗದಲ್ಲಿರುವವರಿಗೆ ನಾನು ಹೇಳುವುದು ಕೆಲವೇ ಸಂಗತಿ.

ಚೆಕ್ಕಿನಿಂದ ಶುರುಮಾಡಿ. ಮುಂಗಡವಾಗಿ ಸಹಿ ಮಾಡಿದ ಯಾವ ಚೆಕ್ಕೂ ಕಚೇರಿಯಲ್ಲಿ ಇರಬಾರದು, ಇದ್ದರೆ ಇವತ್ತೇ ಅಡ್ಡಗೆರೆ ಎಳೆದು ರದ್ದು ಮಾಡಿ. ಆನ್‌ಲೈನ್ ಪಾವತಿಗೂ ಇದೇ ಮಾತು. ಇನ್ನೊಬ್ಬರ ಪಾಸ್‌ವರ್ಡ್, ಇನ್ನೊಬ್ಬರ ಒಟಿಪಿ ಬಳಸುವುದು ಖಾಲಿ ಚೆಕ್ಕಿನ ಇವತ್ತಿನ ರೂಪ. ಪ್ರವರ್ತಕರ ಬೇರೆ ಕಂಪನಿಗಳಿಗೆ ಹೋಗುವ ಪ್ರತಿ ರೂಪಾಯಿಯ ಪಟ್ಟಿ ತಿಂಗಳಿಗೊಮ್ಮೆ ಸಮಿತಿಯ ಮುಂದೆ ಬರಲಿ. ತಿಂಗಳ ಕೊನೆಯ ಬಾಕಿ ಸಾಲದು, ಆ ತಿಂಗಳಲ್ಲಿ ಬಾಕಿ ಏರಿದ ಗರಿಷ್ಠ ಮಟ್ಟವೂ ಪಟ್ಟಿಯಲ್ಲಿರಲಿ. ಕಾಫಿ ಡೇಯಲ್ಲಿ ಮಾರ್ಚ್ ಮತ್ತು ಜುಲೈ ನಡುವೆ ಕಂಡ ಅಂತರ ಇಂಥ ಪಟ್ಟಿಯಲ್ಲಿ ತಿಂಗಳೊಳಗೇ ಕಣ್ಣಿಗೆ ಬೀಳುತ್ತಿತ್ತು. 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ಜಾಡನ್ನು ಉಳಿಸಿಕೊಳ್ಳಲೇಬೇಕು ಎಂಬ ನಿಯಮ ಬಂದಿದೆ. ಆ ಜಾಡನ್ನು ತೆರೆದು ನೋಡುವ ಒಬ್ಬರನ್ನು ಹೆಸರಿಟ್ಟು ನೇಮಿಸಿ.

ಅಂಗಸಂಸ್ಥೆಗಳ ಮಂಡಳಿಯಲ್ಲಿ ಹೊರಗಿನ ಕಣ್ಣು ಬೇಕು. ದೊಡ್ಡ ಅಂಗಸಂಸ್ಥೆಯಲ್ಲಿ ಮಾತೃ ಕಂಪನಿಯ ಸ್ವತಂತ್ರ ನಿರ್ದೇಶಕರೊಬ್ಬರು ಇರಬೇಕು ಎಂದು ಸೆಬಿಯ ನಿಯಮ 24 ಹೇಳುತ್ತದೆ. ಸಣ್ಣವು ಎಂದು ಕೈಬಿಟ್ಟ ಅಂಗಸಂಸ್ಥೆಗಳಲ್ಲೂ ಇದನ್ನು ಪಾಲಿಸಿದರೆ ಖರ್ಚು ದೊಡ್ಡದಲ್ಲ.

ಜನರ ವಿಷಯಕ್ಕೆ ಬಂದರೆ, ನೀತಿ ಪಾಠದ ಭಾಷಣಗಳಿಂದ ಏನೂ ಆಗುವುದಿಲ್ಲ. ಸಹಿ ಅಧಿಕಾರ ಇರುವ ಪ್ರತಿಯೊಬ್ಬರನ್ನೂ ಕೂರಿಸಿ, ಅವರದೇ ಭಾಷೆಯಲ್ಲಿ, ಅವರ ಸಹಿಗೆ ಅವರೇ ಕಾನೂನಿನ ಮುಂದೆ ಉತ್ತರ ಕೊಡಬೇಕಾಗುತ್ತದೆ ಎಂದು ಬಿಡಿಸಿ ಹೇಳಬೇಕು. 'ಸಾರ್, ಮಂಡಳಿಯ ಒಪ್ಪಿಗೆ ಪತ್ರ ಕೊಡಿ, ಆಮೇಲೆ ಸಹಿ ಹಾಕುತ್ತೇನೆ' ಅನ್ನುವ ಒಂದು ವಾಕ್ಯವನ್ನು ಬಾಯಲ್ಲಿ ಹೇಳಿಸಿ ಅಭ್ಯಾಸ ಮಾಡಿಸಬೇಕು. ಮಕ್ಕಳಾಟ ಅನ್ನಿಸಬಹುದು. ಆದರೆ ಒಮ್ಮೆ ಬಾಯಲ್ಲಿ ಹೇಳಿ ಗೊತ್ತಿರುವ ಮಾತು ಮಾತ್ರ ಮಾಲೀಕರ ಎದುರು ನಿಂತಾಗ ಹೊರಗೆ ಬರುತ್ತದೆ. ಹಾಗೆ ಹೇಳಿದ ಮೊದಲ ನೌಕರನಿಗೆ ಏನಾಗುತ್ತದೆ ಎಂದು ಇಡೀ ಕಚೇರಿ ನೋಡುತ್ತಿರುತ್ತದೆ. ಅವನಿಗೆ ವರ್ಗಾವಣೆ ಆದರೆ ನೀತಿ ಸಂಹಿತೆ ಅಂದೇ ಮುಗಿಯಿತು. ಬಡ್ತಿಯೇ ಸಿಗಬೇಕು ಎಂದಿಲ್ಲ, ಅದೇ ಕುರ್ಚಿಯಲ್ಲಿ ನೆಮ್ಮದಿಯಾಗಿ ಉಳಿದರೂ ಸಾಕು, ಉಳಿದವರಿಗೆ ಧೈರ್ಯ ಬರುತ್ತದೆ.

ದೂರು ನೀತಿಯನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ, ಪ್ರತಿ ಕ್ಯೂರಿಂಗ್ ಘಟಕ, ಪ್ರತಿ ಗೋದಾಮು, ಪ್ರತಿ ಶಾಖೆಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಅದರಲ್ಲಿ ಲೆಕ್ಕ ಪರಿಶೋಧನಾ ಸಮಿತಿಯ ಅಧ್ಯಕ್ಷರ ಹೆಸರು ಮತ್ತು ಅವರಿಗೆ ನೇರವಾಗಿ ತಲುಪುವ ವಿಳಾಸ ಇರಬೇಕು, ಮಾನವ ಸಂಪನ್ಮೂಲ ವಿಭಾಗದ್ದಲ್ಲ. ಬಂದ ದೂರುಗಳೆಷ್ಟು, ಏನು ಮಾಡಲಾಯಿತು ಎಂಬುದನ್ನು ಹೆಸರು ಬಿಟ್ಟು ವರ್ಷಕ್ಕೊಮ್ಮೆ ಅದೇ ಬೋರ್ಡಿನಲ್ಲಿ ತಿಳಿಸಬೇಕು. ಒಂದು ದೂರೂ ಬರಲಿಲ್ಲ ಎಂದು ಸತತವಾಗಿ ವರದಿಯಾದರೆ ಸಮಿತಿ ಅದನ್ನೇ ಸಮಸ್ಯೆ ಎಂದು ತಿಳಿದು ವಿಚಾರಿಸಬೇಕು. ಇನ್ನು ಆ ಸಮಿತಿ ತಾನೇ ವರ್ಷಕ್ಕೆ ಕೆಲವು ಸಲವಾದರೂ ಒಳ ಪರಿಶೋಧಕರನ್ನು, ಹಣಕಾಸು ವಿಭಾಗದ ಕಿರಿಯ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಕರೆದು, ಪ್ರವರ್ತಕರು ಮತ್ತು ಮುಖ್ಯ ಅಧಿಕಾರಿಗಳು ಇಲ್ಲದ ಕೋಣೆಯಲ್ಲಿ, ಈ ಮೂರು ತಿಂಗಳಲ್ಲಿ ನಿಮಗೆ ಸಹಿ ಹಾಕಲು ಇಷ್ಟವಿಲ್ಲದ ಕಾಗದ ಯಾವುದಾದರೂ ಬಂದಿತ್ತಾ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು.